ಮರಳಿ ಬಂದ ಯಂತ್ರದ ವಯಸ್ಸೆಷ್ಟು?

ಕೊಂಡವರು ಅಂಗಡಿಗೆ ಹಿಂತಿರುಗಿಸುವ ಮೊಬೈಲು, ಲ್ಯಾಪ್‌ಟಾಪುಗಳೆಲ್ಲ ಕೆಟ್ಟುಹೋದವೇ ಆಗಿರುತ್ತವೆ ಎಂಬ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ. 2008ರ ಸುಮಾರಿಗೆ ಅಮೆರಿಕದ ಮಾರುಕಟ್ಟೆಯನ್ನು ಕುರಿತು ಆಕ್ಸೆಂಚರ್ ಸಂಸ್ಥೆ ನಡೆಸಿದ ಅಧ್ಯಯನದ ಪ್ರಕಾರ, ಹೀಗೆ ಮರಳಿದ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ನಿಜವಾದ ದೋಷವಿದ್ದವು ನೂರಕ್ಕೆ ಐದರಷ್ಟು ಮಾತ್ರ. ಮಿಕ್ಕವು ಬಳಸುವ ಬಗೆ ತಿಳಿಯದೆಯೋ, ನಿರೀಕ್ಷೆಗೆ ತಕ್ಕಂತಿಲ್ಲವೆಂದೋ, ಕೊಂಡ ಮೇಲೆ ಮನಸ್ಸು ಬದಲಾಗಿಯೋ ಹಿಂದಕ್ಕೆ ಬಂದಿದ್ದವು. ಆದರೆ ಒಮ್ಮೆ ಗ್ರಾಹಕರ ಕೈ ಸೇರಿ ಬಂದ ವಸ್ತುವನ್ನು ಹೊಸದೆಂದು ಹೇಳಿ ಮಾರುವುದು ಸಲ್ಲದು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಬಳಸಿದ, ದುರಸ್ತಿ ಮಾಡಿದ ಅಥವಾ ನವೀಕರಿಸಿದ ಸರಕನ್ನು ಹೊಸದೆಂದು ಬಿಂಬಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಆದ್ದರಿಂದ ತಯಾರಕರು ಇಂಥ ವಸ್ತುಗಳನ್ನು ತಮ್ಮ ಕಾರ್ಖಾನೆಗೋ ಅಧಿಕೃತ ದುರಸ್ತಿ ಕೇಂದ್ರಕ್ಕೋ ತರಿಸಿ, ಪರೀಕ್ಷಿಸಿ, ಅಗತ್ಯವಿದ್ದ ಭಾಗಗಳನ್ನು ಬದಲಿಸಿ, ಹಿಂದಿನ ಮಾಲೀಕರ ಮಾಹಿತಿಯನ್ನು ಅಳಿಸಿ, ಮತ್ತೆ ಪೆಟ್ಟಿಗೆಗೆ ತುಂಬಿ, ಕಡಿಮೆ ಬೆಲೆಗೆ ವಾರಂಟಿಯೊಡನೆ ಮಾರುತ್ತಾರೆ. ಮಾರುಕಟ್ಟೆಯಲ್ಲಿ ‘ರಿಫರ್ಬಿಷ್ಡ್’ ಎಂದು ಹೆಸರಾದ ಈ ಸರಕನ್ನು ಇಲ್ಲಿ ನವೀಕೃತ ಉಪಕರಣ ಎಂದು ಕರೆಯಲಾಗಿದೆ.

ಇದೇ ಹೆಸರಿನ ನೆರಳಿನಲ್ಲಿ ಬೇರೆ ಬೇರೆ ದರ್ಜೆಯ ಸರಕುಗಳು ಮಾರಾಟವಾಗುತ್ತವೆ ಎಂಬುದನ್ನು ಮೊದಲು ಗಮನಿಸಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಮಳಿಗೆಗಳಲ್ಲಿ ಕಂಪನಿಗಳು ಹೊರಹಾಕಿದ ಲ್ಯಾಪ್‌ಟಾಪುಗಳನ್ನು ಬಿಚ್ಚಿ, ಶುಚಿಗೊಳಿಸಿ, ರ‍್ಯಾಮ್ ಹಾಗೂ ಎಸ್‌ಎಸ್‌ಡಿ ಬದಲಿಸಿ ಮಾರುವವರ ಕೈಚಳಕ ಕಡಿಮೆಯದೇನಲ್ಲ. ಕೆಲವೊಮ್ಮೆ ಅಧಿಕೃತ ಕೇಂದ್ರದವರು ಕೈಬಿಟ್ಟ ಮದರ್‌ಬೋರ್ಡನ್ನು ಅವರೇ ಬದುಕಿಸುತ್ತಾರೆ. ವ್ಯತ್ಯಾಸವಿರುವುದು ಕೌಶಲದಲ್ಲಿ ಅಲ್ಲ, ಮಾಹಿತಿಯಲ್ಲಿ. ಉಪಕರಣದ ಸಂಪೂರ್ಣ ಸರ್ಕ್ಯೂಟ್ ನಕ್ಷೆ, ಮೂಲ ಬಿಡಿಭಾಗಗಳು, ಪರದೆ ಹಾಗೂ ಕ್ಯಾಮೆರಾಗಳನ್ನು ಮತ್ತೆ ಸರಿಹೊಂದಿಸುವ ತಂತ್ರಾಂಶ, ಯಾವ ಸೀರಿಯಲ್ ಸಂಖ್ಯೆಯ ಯಂತ್ರ ಹಿಂದೆ ಯಾವ ಕಾರಣಕ್ಕೆ ದುರಸ್ತಿಗೆ ಬಂದಿತ್ತು ಎಂಬ ದಾಖಲೆ, ಒಂದು ಮಾದರಿಯಲ್ಲಿ ಮೇಲಿಂದ ಮೇಲೆ ಕೆಡುವ ಭಾಗ ಯಾವುದು ಎಂಬ ಅನುಭವ, ಇವೆಲ್ಲವೂ ಒಟ್ಟಾಗಿ ಇರುವುದು ತಯಾರಕರ ಬಳಿ ಮಾತ್ರ.

ಇಷ್ಟಾದರೂ ನವೀಕೃತ ಉಪಕರಣದ ವಯಸ್ಸೆಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಏಕೆಂದರೆ ಅದರ ಒಂದೊಂದು ಭಾಗವೂ ಒಂದೊಂದು ಗತಿಯಲ್ಲಿ ಮುಪ್ಪಾಗುತ್ತದೆ. ಹಳೆಯ ಮನೆಗೆ ಸುಣ್ಣ ಬಳಿದು ಹೊಸ ಬಾಗಿಲು ಕೂರಿಸಿದ ಮಾತ್ರಕ್ಕೆ ಅಡಿಪಾಯದ ವಯಸ್ಸು ಬದಲಾಗದಿರುವಂತೆ, ಹೊಸ ಕವಚ ತೊಟ್ಟ ಫೋನಿನಲ್ಲಿ ಬದಲಾದ ಭಾಗ ಸೊನ್ನೆಯಿಂದ ಬದುಕು ಆರಂಭಿಸಿದರೆ ಬದಲಾಗದ ಭಾಗ ಹಿಂದಿನ ಲೆಕ್ಕವನ್ನೇ ಮುಂದುವರಿಸುತ್ತದೆ.

ಎಲ್ಲಕ್ಕಿಂತ ಬೇಗ ಮುಪ್ಪಾಗುವುದು ಬ್ಯಾಟರಿ. ಲೀಥಿಯಂ ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡುವಾಗ ಲೀಥಿಯಂ ಅಯಾನುಗಳು ಎಲೆಕ್ಟ್ರೊಲೈಟ್ ಎಂಬ ದ್ರವದ ಮೂಲಕ ಸಾಗಿ ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಮೊದಲ ಸಲ ಚಾರ್ಜ್ ಆದಾಗಲೇ ಈ ದ್ರವದ ಅಲ್ಪಾಂಶ ಒಡೆದು ಗ್ರಾಫೈಟಿನ ಮೇಲೆ ತೆಳುವಾದ ಪೊರೆಯೊಂದು ಕಟ್ಟುತ್ತದೆ. ಅದಿಲ್ಲದಿದ್ದರೆ ದ್ರವ ಇನ್ನಷ್ಟು ಒಡೆಯುತ್ತಲೇ ಹೋಗುತ್ತಿದ್ದುದರಿಂದ ಆ ಪೊರೆ ಬೇಕಾದದ್ದೇ, ಆದರೆ ಅದು ಅಷ್ಟಕ್ಕೇ ನಿಲ್ಲದೆ ದಿನಗಳೆದಂತೆ ದಪ್ಪವಾಗುತ್ತ, ವಿದ್ಯುತ್ತನ್ನು ಹೊತ್ತೊಯ್ಯಬೇಕಾದ ಲೀಥಿಯಂ ಅನ್ನು ತನ್ನೊಳಗೆ ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ, ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇದ್ದಷ್ಟೂ ಈ ಕ್ರಿಯೆ ಚುರುಕಾಗುವುದರಿಂದ, ಉಗ್ರಾಣದಲ್ಲಿ ಬಳಕೆಯೇ ಇಲ್ಲದೆ ಬಿದ್ದಿದ್ದ ಫೋನಿನ ಬ್ಯಾಟರಿಯೂ ಮುಪ್ಪಿನಿಂದ ಪಾರಾಗುವುದಿಲ್ಲ. ಬಹುಕಾಲ ಐಫೋನುಗಳ ಬ್ಯಾಟರಿಯನ್ನು 500 ಪೂರ್ಣ ಆವರ್ತನಗಳ ನಂತರ ಮೂಲ ಸಾಮರ್ಥ್ಯದ ಶೇಕಡಾ 80 ಉಳಿಯುವಂತೆ ರೂಪಿಸಲಾಗುತ್ತಿತ್ತು. ಐಫೋನ್ 15ರ ಸರಣಿಗೆ ಆಪಲ್ ಈ ಸಂಖ್ಯೆಯನ್ನು 1000ಕ್ಕೆ ಏರಿಸಿದೆ. ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ ಸ್ಮಾರ್ಟ್‌ಫೋನುಗಳಿಗೆ ಜಾರಿಗೊಳಿಸಿದ ನಿಯಮಗಳಲ್ಲಿ ಕನಿಷ್ಠ 800 ಆವರ್ತನಗಳ ಬಾಳಿಕೆಯನ್ನು ಕೇಳುತ್ತದೆ. ಆವರ್ತನವೆಂದರೆ ಒಟ್ಟು ಸಾಮರ್ಥ್ಯದಷ್ಟು ವಿದ್ಯುತ್ತನ್ನು ಒಮ್ಮೆ ಬಳಸಿ ತುಂಬುವುದು. ಅರ್ಧರ್ಧವಾಗಿ ಎರಡು ಸಲ ತುಂಬಿದರೆ ಒಂದೇ ಆವರ್ತನ. ಆಪಲ್ ತನ್ನ ನವೀಕೃತ ಐಫೋನು ಮತ್ತು ಐಪ್ಯಾಡುಗಳಿಗೆ ಹೊಸ ಬ್ಯಾಟರಿ ಹಾಗೂ ಹೊಸ ಹೊರಕವಚ ಹಾಕುವುದಾಗಿ ಬಹಿರಂಗವಾಗಿ ಹೇಳುತ್ತದೆ. ಲ್ಯಾಪ್‌ಟಾಪುಗಳ ವಿಷಯದಲ್ಲಿ ಇಂಥ ಸ್ಪಷ್ಟ ಮಾತು ಎಲ್ಲ ತಯಾರಕರಿಂದಲೂ ಸಿಗುವುದಿಲ್ಲವಾದ್ದರಿಂದ, ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಬ್ಯಾಟರಿ ಹೊಸದೇ ಎಂಬುದು. ಕೊಂಡ ಮೇಲಾದರೆ ವಿಂಡೋಸ್‌ನೊಳಗಿನ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯವನ್ನೂ ಈಗ ತುಂಬಬಲ್ಲ ಸಾಮರ್ಥ್ಯವನ್ನೂ ಹೋಲಿಸಿ ನೋಡಬಹುದು.

ಬ್ಯಾಟರಿಯೊಂದೇ ಇಡೀ ಉಪಕರಣದ ಹಣೆಬರಹವನ್ನು ಬರೆದ ಉದಾಹರಣೆ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7. 2016ರ ಆಗಸ್ಟಿನಲ್ಲಿ ಬಿಡುಗಡೆಯಾದ ಈ ಫೋನು ಅಲ್ಲಲ್ಲಿ ಹೊತ್ತಿಕೊಂಡದ್ದರಿಂದ ಸೆಪ್ಟೆಂಬರಿನಲ್ಲಿ ಅದನ್ನು ಹಿಂದಕ್ಕೆ ಕರೆಸಿ, ಬೇರೊಬ್ಬ ಪೂರೈಕೆದಾರರ ಬ್ಯಾಟರಿಯಿದ್ದ ಫೋನುಗಳನ್ನು ಬದಲಿಗೆ ಕೊಡಲಾಯಿತು. ಅವೂ ಹೊತ್ತಿಕೊಂಡಾಗ ಅಕ್ಟೋಬರಿನಲ್ಲಿ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. 2017ರ ಜನವರಿಯಲ್ಲಿ ಪ್ರಕಟವಾದ ತನಿಖೆಯ ಫಲಿತಾಂಶದಂತೆ, ಮೊದಲ ಬಗೆಯ ಬ್ಯಾಟರಿಯ ಒಂದು ಮೂಲೆಯಲ್ಲಿ ಜಾಗ ಸಾಲದೆ ಋಣ ವಿದ್ಯುದ್ವಾರ ಬಾಗಿತ್ತು, ಎರಡನೆಯದರಲ್ಲಿ ಬೆಸುಗೆಯ ಚೂಪಾದ ಉಬ್ಬುಗಳು ನಿರೋಧಕ ಪದರವನ್ನು ಚುಚ್ಚಿದ್ದವು. ಎರಡೂ ಕಡೆ ಕೊನೆಗೆ ಆದದ್ದು ಒಳಗೊಳಗೇ ಶಾರ್ಟ್ ಸರ್ಕ್ಯೂಟ್. ಅಂದರೆ ಪರದೆ, ಪ್ರಾಸೆಸರ್, ಕ್ಯಾಮೆರಾ ಯಾವುದರ ತಪ್ಪೂ ಇರಲಿಲ್ಲ. ಹೀಗಾಗಿ ಉಳಿದಿದ್ದ ಫೋನುಗಳಿಗೂ ಬಿಡಿಭಾಗಗಳಿಗೂ 3500 ಮಿಲಿಆಂಪಿಯರ್ ಗಂಟೆಯ ಬದಲು 3200ರ ಹೊಸ ಬ್ಯಾಟರಿ ಕೂರಿಸಿ, 2017ರ ಜುಲೈ 7ರಂದು ‘ನೋಟ್ ಫ್ಯಾನ್ ಎಡಿಷನ್’ ಎಂಬ ಹೆಸರಿನಲ್ಲಿ ದಕ್ಷಿಣ ಕೊರಿಯಾದಲ್ಲಿ ನಾಲ್ಕು ಲಕ್ಷ ಫೋನುಗಳನ್ನು 6,99,600 ವಾನ್ ಬೆಲೆಗೆ ಮಾರಾಟಕ್ಕಿಡಲಾಯಿತು. ತಯಾರಕರು ದೋಷದ ಮೂಲವನ್ನು ಗುರುತಿಸಿ ಆ ಭಾಗವನ್ನೇ ಬದಲಿಸಿದ ನವೀಕರಣಕ್ಕೆ ಇದಕ್ಕಿಂತ ಸ್ವಚ್ಛವಾದ ನಿದರ್ಶನ ಸಿಗುವುದು ಕಷ್ಟ.

ಮೂಲದೋಷ ವಿನ್ಯಾಸದಲ್ಲಿಯೇ ಇದ್ದಾಗ ಕಥೆ ಬೇರೆ. 2005ರಲ್ಲಿ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಆಟದ ಯಂತ್ರದಲ್ಲಿ, ಚಿಪ್ಪನ್ನು ಅದರ ತಳಹದಿಗೆ ಬೆಸೆದ ಸೂಕ್ಷ್ಮ ಸಂಪರ್ಕಬಿಂದುಗಳು ಪ್ರತಿ ಸಲ ಬಿಸಿಯಾಗಿ ತಣಿಯುವಾಗ ಹಿಗ್ಗಿ ಕುಗ್ಗಿ ಕಡೆಗೆ ಬಿರುಕುಬಿಡುತ್ತಿದ್ದವು. 2007ರಲ್ಲಿ ಕಂಪನಿ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತೆಗೆದಿರಿಸಬೇಕಾಯಿತು. ಲೋಹದ ಇಂಥ ದಣಿವು ಹೊರಗಣ್ಣಿಗೆ ಕಾಣುವುದಿಲ್ಲ, ಸಾಮಾನ್ಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೂ ಅಪರೂಪ. ಟಿವಿ, ಮಾನಿಟರುಗಳ ಪವರ್ ಸಪ್ಲೈಯಲ್ಲಿರುವ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳ ಸಂಗತಿಯೂ ಹೆಚ್ಚುಕಡಿಮೆ ಹೀಗೆಯೇ. ಒಳಗಿನ ದ್ರವ ನಿಧಾನವಾಗಿ ಆರುವ ಅವುಗಳ ಆಯುಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಾಗ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ.

ಸ್ಮರಣಕೋಶಗಳ ಮುಪ್ಪನ್ನು ಮಾತ್ರ ಯಂತ್ರವೇ ದಾಖಲಿಸಿಡುತ್ತದೆ. ಎಸ್‌ಎಸ್‌ಡಿಯೊಳಗಿನ ಫ್ಲ್ಯಾಶ್ ಕೋಶಗಳಲ್ಲಿ ಪ್ರತಿ ಬರಹ ಮತ್ತು ಅಳಿಸುವಿಕೆಯಲ್ಲೂ ಎಲೆಕ್ಟ್ರಾನುಗಳು ತೆಳುವಾದ ನಿರೋಧಕ ಪದರವನ್ನು ದಾಟಿ ಹೋಗುವುದರಿಂದ ಆ ಪದರ ಸವೆಯುತ್ತದೆ. ಎಷ್ಟು ಬರೆಯಲಾಗಿದೆ, ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ‘ಸ್ಮಾರ್ಟ್’ ಎಂಬ ಆಂತರಿಕ ದಾಖಲೆಯಲ್ಲಿರುತ್ತದೆ. ಈ ದಾಖಲೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂತು: ಸಾವಿರಾರು ಗಂಟೆ ಓಡಿದ್ದ ಸೀಗೇಟ್ ಹಾರ್ಡ್ ಡಿಸ್ಕುಗಳ ಸ್ಮಾರ್ಟ್ ಲೆಕ್ಕವನ್ನು ನಡುವೆ ಯಾರೋ ಸೊನ್ನೆಗಿಳಿಸಿ ಹೊಸದೆಂದು ಮಾರಾಟಕ್ಕೆ ಬಿಟ್ಟಿದ್ದರು, ‘ಫಾರ್ಮ್’ ಎಂಬ ಮತ್ತೊಂದು ಒಳದಾಖಲೆಯಿಂದ ನಿಜ ಹೊರಬಿತ್ತು.

ತಯಾರಕರ ಪರೀಕ್ಷೆಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ವಿಶ್ವಾಸಾರ್ಹತಾ ಶಾಸ್ತ್ರದ ‘ಸ್ನಾನದ ತೊಟ್ಟಿಯ ವಕ್ರರೇಖೆ’ಯ ನೆರವಿನಿಂದ ಅಳೆಯಬಹುದು. ಒಂದೇ ಮಾದರಿಯ ಸಾವಿರಾರು ಯಂತ್ರಗಳು ಕಾಲಕ್ರಮದಲ್ಲಿ ಕೆಡುವ ಪ್ರಮಾಣವನ್ನು ಗೆರೆಯಾಗಿ ಎಳೆದರೆ, ತಯಾರಿಕೆಯ ದೋಷಗಳಿಂದಾಗಿ ಆರಂಭದಲ್ಲಿ ಅದು ಎತ್ತರದಲ್ಲಿದ್ದು, ಬೇಗನೆ ಇಳಿದು, ಬಹುಕಾಲ ತಗ್ಗಿನಲ್ಲಿ ಸಮವಾಗಿ ಸಾಗಿ, ಸವೆತದ ಕಾಲ ಬಂದಾಗ ಮತ್ತೆ ಏರುತ್ತದೆ. ಕೆಲವು ವಾರ ಬಳಕೆಯಾಗಿ ಮರಳಿದ ಉಪಕರಣ ಆರಂಭದ ಅಪಾಯವನ್ನು ಬಹುಪಾಲು ದಾಟಿರುವುದರಿಂದ ಅದು ಹೊಸದಕ್ಕಿಂತಲೂ ನಂಬಿಕೆಗೆ ಅರ್ಹ ಎಂಬ ವಾದವನ್ನು ಮಾರಾಟಗಾರರು ಮುಂದಿಡುತ್ತಾರೆ. ವಾದದಲ್ಲಿ ಹುರುಳಿದೆ, ಆದರೆ ಅದು ಅರ್ಧ ಸತ್ಯ. ಬಿಚ್ಚಿ ಜೋಡಿಸುವಾಗ ಸಡಿಲ ಉಳಿದ ಕನೆಕ್ಟರು, ನೀರು ತಡೆಯುವ ಅಂಟು ಸರಿಯಾಗಿ ಕೂರದ ಅಂಚು ಮುಂತಾದ ಹೊಸ ದೋಷಗಳು ಸೇರಿಕೊಂಡು ಗೆರೆಯ ಆರಂಭ ಮತ್ತೆ ಏರಬಹುದು, ಎರಡು ಮೂರು ವರ್ಷ ದುಡಿದ ಯಂತ್ರವಾದರೆ ಅದು ಗೆರೆಯ ಇನ್ನೊಂದು ತುದಿಗೆ ಹತ್ತಿರವಾಗಿರಬಹುದು. ಪರೀಕ್ಷೆ ಹೇಳುವುದು ಯಂತ್ರ ಇಂದು ಸರಿಯಿದೆ ಎಂದಷ್ಟೇ. ನಾಳೆಯ ಬಗ್ಗೆ ತಯಾರಕರು ಹಣ ಪಣಕ್ಕಿಟ್ಟು ಹೇಳುವ ಏಕೈಕ ಮಾತು ವಾರಂಟಿ. ಆಪಲ್ ನವೀಕೃತ ಉಪಕರಣಕ್ಕೂ ಹೊಸದಕ್ಕಿರುವಂತೆ ಒಂದು ವರ್ಷದ ವಾರಂಟಿ ಕೊಡುತ್ತದೆ. 90 ದಿನಕ್ಕೇ ನಿಲ್ಲಿಸುವ ಮಾರಾಟಗಾರರೂ ಇದ್ದಾರೆ. ಪೆಟ್ಟಿಗೆಯ ಮೇಲಿನ ದರ್ಜೆಯ ಅಕ್ಷರಗಳು ಬಹುಮಟ್ಟಿಗೆ ಹೊರಮೈಯ ಗೀರುಗಳನ್ನು ಕುರಿತವಾದ್ದರಿಂದ, ಅವುಗಳಿಗಿಂತ ಈ ಅವಧಿಯೇ ಹೆಚ್ಚು ಅರ್ಥವುಳ್ಳ ಅಂಕಿ.

ಭಾರತದ ಕೊಳ್ಳುಗರಿಗೆ ತಯಾರಕರೇ ನವೀಕರಿಸಿದ ಸರಕಿನ ಆಯ್ಕೆ ಕಿರಿದು. ಐಫೋನುಗಳನ್ನು ನವೀಕರಿಸಿ ಆಮದು ಮಾಡಿ ಮಾರಲು ಆಪಲ್ 2016ರಲ್ಲಿ ಕೇಳಿದ ಅನುಮತಿಯನ್ನು ಕೇಂದ್ರ ಸರ್ಕಾರ ನಿರಾಕರಿಸಿತು; ಹೊರದೇಶಗಳ ಹಳೆಯ ಸರಕು ಇಲ್ಲಿ ಬೇಗನೆ ಕಸವಾಗುವ ಆತಂಕ ಆಗ ಚರ್ಚೆಯಲ್ಲಿತ್ತು. ದೇಶದೊಳಗಿನ ನವೀಕರಣವನ್ನು ಮಾತ್ರ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮಾನ್ಯ ಮಾಡಿ, ನವೀಕರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿವೆ. ಅಮೆರಿಕದಲ್ಲಿರುವ ಬಂಧುಗಳ ಕೈಯಲ್ಲಿ ನವೀಕೃತ ಐಫೋನು ತರಿಸಿಕೊಳ್ಳುವ ಕನ್ನಡಿಗರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು: ಅಲ್ಲಿ ಮಾರಾಟವಾಗುವ ಐಫೋನ್ 14 ಮತ್ತು ನಂತರದ ಮಾದರಿಗಳಲ್ಲಿ ಸಿಮ್ ಕಾರ್ಡ್ ಇಡುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ ಕೆಲಸ ಮಾಡುತ್ತದೆ.

ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಮಾದರಿ ಸಂಖ್ಯೆ ‘ಎಂ’ ಅಕ್ಷರದಿಂದ ಆರಂಭವಾದರೆ ಹೊಸದಾಗಿ ಮಾರಿದ್ದು, ‘ಎಫ್’ ಆದರೆ ಆಪಲ್ ನವೀಕರಿಸಿದ್ದು, ‘ಎನ್’ ಆದರೆ ದುರಸ್ತಿಯ ವೇಳೆ ಬದಲಿಯಾಗಿ ಕೊಟ್ಟದ್ದು ಎಂದು ತಿಳಿಯಬಹುದು. ಯಾವುದೇ ಫೋನಿನ 15 ಅಂಕಿಯ ಐಎಂಇಐ ಸಂಖ್ಯೆಯನ್ನು ‘ಕೆವೈಎಂ’ ಎಂಬ ಇಂಗ್ಲಿಷ್ ಅಕ್ಷರಗಳ ನಂತರ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ಸಂಖ್ಯೆ ಮಾನ್ಯವಾದದ್ದೇ, ತಡೆಹಿಡಿಯಲ್ಪಟ್ಟದ್ದೇ ಎಂಬುದು ಗೊತ್ತಾಗುತ್ತದೆ. ಬೆಲೆಯ ಅಂತರ ಹೊಸದಕ್ಕಿಂತ ಶೇಕಡಾ ಹತ್ತರ ಒಳಗಿದ್ದು ವಾರಂಟಿಯೂ ಮೊಟಕಾಗಿದ್ದರೆ ಹೊಸದನ್ನೇ ಕೊಳ್ಳುವುದು ಲೇಸು. ಬ್ಯಾಟರಿ ಹೊಸದೆಂಬ ಲಿಖಿತ ಮಾತೂ ವರ್ಷದ ವಾರಂಟಿಯೂ ಇದ್ದರೆ ಹಿಂಜರಿಯಲು ಕಾರಣವಿಲ್ಲ. ಯಾವುದನ್ನು ಕೊಂಡರೂ ‘ರಿಫರ್ಬಿಷ್ಡ್’ ಎಂಬ ಪದವೂ ಸೀರಿಯಲ್ ಸಂಖ್ಯೆಯೂ ನಮೂದಾದ ಬಿಲ್ಲನ್ನು ಕೇಳಿ ಪಡೆದು, ಹಿಂತಿರುಗಿಸುವ ಗಡುವು ಮುಗಿಯುವುದರೊಳಗೆ ಚಾರ್ಜಿಂಗ್, ಸ್ಪೀಕರು, ಕ್ಯಾಮೆರಾ, ವೈಫೈ, ಪರದೆಯ ಮೂಲೆಮೂಲೆಯನ್ನು ಓದುಗರು ತಾವೇ ಒಮ್ಮೆ ಪರೀಕ್ಷಿಸಿ ನೋಡಬೇಕು.