ಶನಿವಾರದ ಶಕ್ತಿ, ಭಾನುವಾರದ ಲೆಕ್ಕ

2018ರ ಮಾರ್ಚ್ 24, ಶನಿವಾರ, ಮೆಲ್ಬರ್ನ್. ಫಾರ್ಮುಲಾ ಒನ್ ಅರ್ಹತಾ ಸುತ್ತಿನ ಎರಡನೇ ಹಂತದಲ್ಲಿ ಫೆರಾರಿಯ ಸೆಬಾಸ್ಟಿಯನ್ ವೆಟಲ್ ಎಲ್ಲರಿಗಿಂತ ಮುಂದಿದ್ದರು. ಕೊನೆಯ ಹಂತದಲ್ಲಿ ಮರ್ಸಿಡಿಸ್‌ನ ಲೂಯಿಸ್ ಹ್ಯಾಮಿಲ್ಟನ್ 1 ನಿಮಿಷ 21.164 ಸೆಕೆಂಡಿನಲ್ಲಿ ಸುತ್ತು ಮುಗಿಸಿದರು. ಎರಡನೆಯವರಾದ ಕಿಮಿ ರೈಕೊನೆನ್ ಹಿಂದುಳಿದದ್ದು 0.664 ಸೆಕೆಂಡು. ಅರ್ಹತಾ ಸುತ್ತಿಗೆಂದೇ ಎಂಜಿನ್‌ನಿಂದ ಹೆಚ್ಚಿನ ಶಕ್ತಿ ಹಿಂಡುವ ‘ಪಾರ್ಟಿ ಮೋಡ್’ ಎಂಬ ಮಾತೇ ಎಲ್ಲರ ಬಾಯಲ್ಲೂ. ಕೊನೆಯ ಸುತ್ತಿಗೆಂದು ಬೇರೆ ಗುಂಡಿ ಒತ್ತಿಲ್ಲ, ಎರಡನೇ ಹಂತದ ಮೋಡ್‌ನಲ್ಲೇ ಓಡಿಸಿದೆ ಎಂದು ಹ್ಯಾಮಿಲ್ಟನ್ ಪಟ್ಟು ಹಿಡಿದರು. ನಂಬಿದವರು ಕಡಿಮೆ.

ಬೇಕಾದಾಗ ಶಕ್ತಿ ಏರಿಸಿ ಇಳಿಸುವುದು ಟರ್ಬೊ ಕಾಲದಿಂದಲೂ ಇತ್ತು. 1980ರ ದಶಕದಲ್ಲಿ ಟರ್ಬೊ ಒತ್ತಡವನ್ನು ಹೆಚ್ಚಿಸುವ ಬೂಸ್ಟ್ ತಿರುಪು ಚಾಲಕನ ಕೈಯಳತೆಯಲ್ಲೇ ಇರುತ್ತಿತ್ತು. ಅರ್ಹತಾ ಸುತ್ತಿಗೆ ಅದನ್ನು ಕೊನೆಯವರೆಗೂ ತಿರುಗಿಸಬಹುದಿತ್ತು. ರೇಸಿನಲ್ಲಿ ಹಾಗೆ ಮಾಡಿದರೆ ಟ್ಯಾಂಕ್ ಬರಿದು. 1985ರಲ್ಲಿ ಇಡೀ ರೇಸಿಗೆ ಸಿಗುತ್ತಿದ್ದುದು 220 ಲೀಟರ್ ಇಂಧನ. ಆ ವರ್ಷ ಇಮೋಲಾದಲ್ಲಿ ಮುಂದಿದ್ದ ಆಯರ್ಟನ್ ಸೆನ್ನಾ ಕೊನೆಯ ಕೆಲವು ಸುತ್ತುಗಳಿರುವಾಗ ಇಂಧನವಿಲ್ಲದೆ ನಿಂತರು. ಮುನ್ನಡೆ ಪಡೆದ ಸ್ಟೀಫನ್ ಯೋಹಾನ್ಸನ್ ಅದೇ ಕಾರಣಕ್ಕೆ ನಿಂತರು. ಗೆದ್ದ ಅಲೈನ್ ಪ್ರಾಸ್ಟ್ ಅವರ ಕಾರು ತೂಕದಲ್ಲಿ ಕಡಿಮೆ ಬಂದು ಅನರ್ಹವಾಯಿತು. ಗೆಲುವು ಎಲಿಯೊ ಡಿ ಆಂಜೆಲಿಸ್ ಪಾಲಿಗೆ ಬಂತು. ಲೆಕ್ಕ ತಪ್ಪಿದರೆ ಎಂಥ ವೇಗಿಯೂ ರಸ್ತೆ ಬದಿಗೆ!

2014ರ ಹೈಬ್ರಿಡ್ ಎಂಜಿನ್‌ಗಳಲ್ಲಿ ಇಂಧನದ ಹರಿವಿಗೇ ಗಂಟೆಗೆ 100 ಕೆ.ಜಿ. ಮಿತಿ ಇತ್ತು. ಹಾಗಾಗಿ ಹೆಚ್ಚಿನ ಶಕ್ತಿಗೆ ಇಗ್ನಿಷನ್ ಕಿಡಿಯನ್ನು ಇನ್ನೂ ಬೇಗ ಹಾರಿಸಿ, ಎಂಜಿನ್ ಅನ್ನು ನಾಕಿಂಗ್‌ನ, ಅಂದರೆ ಇಂಧನ ಅಕಾಲದಲ್ಲಿ ಸಿಡಿಯುವ ಸ್ಥಿತಿಯ, ಅಂಚಿಗೆ ಒಯ್ಯಬೇಕಿತ್ತು. ಅದು ಎಂಜಿನ್‌ನ ಆಯುಷ್ಯವನ್ನೇ ತಿನ್ನುತ್ತದೆ. 2018ರಲ್ಲಿ 21 ರೇಸಿಗೆ ದಂಡವಿಲ್ಲದೆ ಸಿಗುತ್ತಿದ್ದುದು ಮೂರೇ ಎಂಜಿನ್.

ಮೆಲ್ಬರ್ನ್‌ನಲ್ಲಿ ಮರುದಿನ, ಭಾನುವಾರದ ರೇಸಿನಲ್ಲಿ ನಡೆದದ್ದು ಬೇರೆ ಕಥೆ. ಹ್ಯಾಮಿಲ್ಟನ್ ಪಿಟ್‌ಗೆ ಹೋಗಿ ಬಂದರು. ವೆಟಲ್ ಹೊರಗೇ ಉಳಿದರು. ಹಾಸ್ ತಂಡದ ಕಾರೊಂದು ನಿಂತು ವರ್ಚುವಲ್ ಸೇಫ್ಟಿ ಕಾರ್ ಜಾರಿಯಾದಾಗ, ಎಲ್ಲರೂ ನಿಧಾನವಾಗಿದ್ದ ಹೊತ್ತಿನಲ್ಲೇ ವೆಟಲ್ ಟೈರ್ ಬದಲಿಸಿ ಮುಂದೆ ಬಂದರು. ವೆಟಲ್ ಪಿಟ್‌ನಿಂದ ಬಂದರೂ ಹ್ಯಾಮಿಲ್ಟನ್ ಮುಂದಿರಲು ಅಂತರ ಸಾಕೆಂದು ತೋರಿಸಿದ್ದ ಮರ್ಸಿಡಿಸ್‌ನ ಸಾಫ್ಟ್‌ವೇರ್ ತಪ್ಪಿತ್ತು. ಬೆನ್ನಟ್ಟಿದ ಹ್ಯಾಮಿಲ್ಟನ್, ಎಂಜಿನ್ ಉಳಿಸಿಕೊಳ್ಳಲು ಕೊನೆಗೆ ತಾವೇ ವೇಗ ಇಳಿಸಿದರು. ಆ ನಿರ್ಧಾರಕ್ಕೇ ನನಗೆ ಈ ರೇಸ್ ಇಷ್ಟ.

2020ರ ಸೆಪ್ಟೆಂಬರ್‌ನಲ್ಲಿ ಮೊಂಜಾದಿಂದ ಅರ್ಹತಾ ಸುತ್ತಿಗೂ ರೇಸಿಗೂ ಒಂದೇ ಎಂಜಿನ್ ಮೋಡ್ ಎಂದು ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ಕಟ್ಟಪ್ಪಣೆ ಮಾಡಿತು. ನಿಯಮಪಾಲನೆಯ ತಪಾಸಣೆ ಸುಲಭವಾಗಲಿ ಎಂಬುದು ಕೊಟ್ಟ ಕಾರಣ. ಮೊಂಜಾದ ಶನಿವಾರದ ಅರ್ಹತಾ ಸುತ್ತಿನಲ್ಲೇ ಹ್ಯಾಮಿಲ್ಟನ್ ಗಂಟೆಗೆ ಸರಾಸರಿ 264.362 ಕಿ.ಮೀ. ವೇಗದಲ್ಲಿ, ಅಲ್ಲಿಯವರೆಗಿನ ಫಾರ್ಮುಲಾ ಒನ್ ಇತಿಹಾಸದ ಅತಿ ವೇಗದ ಸುತ್ತು ಹಾಕಿದರು. ಮರ್ಸಿಡಿಸ್‌ಗೆ ಕಡಿವಾಣ ಬೀಳಲಿಲ್ಲ. ಎಂಜಿನ್ ಅನ್ನು ಯಾವಾಗ ದಂಡಿಸಬೇಕು, ಯಾವಾಗ ಕಾಯಬೇಕು ಎಂಬ ಆಯ್ಕೆಯನ್ನು ಮಾತ್ರ ಎಲ್ಲ ಚಾಲಕರಿಂದಲೂ ಕಸಿದದ್ದಾಯಿತು. ಬ್ಯಾಟರಿಯ ಶಕ್ತಿಯನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದಷ್ಟೇ ಅವರ ಬೆರಳಿಗೆ ಉಳಿಯಿತು.