ದೆಹಲಿಯೋ, ಇಂದೋರೋ? ಮನೆ ಬದಲಿಸುವ ಮುನ್ನ ಹವಾಮಾನದ ಲೆಕ್ಕ

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಜೈನ ಮನೆಗಳಲ್ಲಿ ಮಗನಿಗೋ ಮಗಳಿಗೋ ಉತ್ತರದಲ್ಲಿ ಕೆಲಸ ಸಿಕ್ಕಿದಾಗ ಮೊದಲು ವಿಚಾರಿಸುವುದು ಸಂಬಳ ಎಷ್ಟು, ಬಾಡಿಗೆ ಎಷ್ಟು, ಹತ್ತಿರದಲ್ಲಿ ಜಿನಮಂದಿರ ಇದೆಯೇ ಎಂದು. ಹವೆಯ ಮಾತು ಬಂದರೆ "ಅಲ್ಲಿ ಚಳಿ ಜಾಸ್ತಿಯಂತೆ, ಸ್ವೆಟರ್ ಇಟ್ಟುಕೊಳ್ಳಿ" ಎಂಬಲ್ಲಿಗೆ ಮುಗಿಯುತ್ತದೆ. ಒಬ್ಬರೇ ಹೋಗುವುದಾದರೆ ಅಷ್ಟು ಸಾಕಾಗಬಹುದು. ಆದರೆ ವಯಸ್ಸಾದ ತಂದೆ ತಾಯಿಯನ್ನೂ ಕರೆದುಕೊಂಡು ಹೋಗುವುದಾದರೆ, ಅವರು ರಾತ್ರಿ ಭೋಜನ ತ್ಯಾಗದ ನಿಯಮ ಇಟ್ಟುಕೊಂಡವರಾದರೆ, ಹವೆಯನ್ನು ಇನ್ನಷ್ಟು ವಿವರವಾಗಿ ನೋಡಬೇಕಾಗುತ್ತದೆ.

ಇಲ್ಲಿ ಎರಡು ನಗರಗಳನ್ನು ಹೋಲಿಸಿದ್ದೇವೆ: ದೆಹಲಿ ಮತ್ತು ಇಂದೋರ್. ಎರಡರಲ್ಲೂ ಕೆಲಸಗಳಿವೆ, ಎರಡರಲ್ಲೂ ಜೈನ ಸಮಾಜ ದೊಡ್ಡದು. ದೆಹಲಿಯಲ್ಲಿ ಕೆಂಪು ಕೋಟೆಯ ಎದುರಿಗೇ ದಿಗಂಬರ ಜೈನ ಲಾಲ್ ಮಂದಿರವಿದೆ. ಇಂದೋರಿನಲ್ಲಿ ಸೇಠ್ ಹುಕುಮ್‌ಚಂದ್ ಅವರು ಕಟ್ಟಿಸಿದ ಕಾಂಚ್ ಮಂದಿರವಿದೆ. ಊರ ಹೊರಗಿನ ಗೊಮ್ಮಟಗಿರಿಯಲ್ಲಿ ನಮ್ಮ ಬೆಳಗೊಳದ ಸ್ವಾಮಿಯನ್ನು ನೆನಪಿಸುವ ಬಾಹುಬಲಿ ಮೂರ್ತಿಯೂ ಇದೆ. ಆದ್ದರಿಂದ ದರ್ಶನ, ಪೂಜೆಗೆ ಎರಡು ಕಡೆಯೂ ಕೊರತೆಯಿಲ್ಲ. ವ್ಯತ್ಯಾಸ ಇರುವುದು ದಿನಚರಿಯಲ್ಲಿ.

ಸರಾಸರಿ ನೋಡಿ ಮೋಸಹೋಗಬೇಡಿ

ಇಡೀ ವರ್ಷದ ಸರಾಸರಿ ಉಷ್ಣಾಂಶ ನೋಡಿದರೆ ಕೊಳ್ಳೇಗಾಲ, ಇಂದೋರ್, ದೆಹಲಿ ಮೂರೂ ಒಂದೇ ಎನಿಸುತ್ತದೆ. ಮೂರೂ ಕಡೆ ಅದು 25 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆದರೆ ಸರಾಸರಿಯಲ್ಲಿ ಯಾರೂ ಬದುಕುವುದಿಲ್ಲ.

ನಮ್ಮ ಕಡೆ ಏಪ್ರಿಲ್ ಹಗಲಿನಲ್ಲಿ ಸುಮಾರು 35 ಡಿಗ್ರಿ, ಜನವರಿ ರಾತ್ರಿಯಲ್ಲಿ ಸುಮಾರು 16 ಡಿಗ್ರಿ ಇರುತ್ತದೆ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರಿಗೂ ಒಣಹವೆಯ ಹನೂರಿಗೂ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಅಷ್ಟೆ. ದೆಹಲಿಯಲ್ಲಿ ಮೇ ತಿಂಗಳ ಹಗಲಿನ ವಾಡಿಕೆ ಉಷ್ಣಾಂಶವೇ ಸುಮಾರು 40 ಡಿಗ್ರಿ. ಜನವರಿ ರಾತ್ರಿಯ ವಾಡಿಕೆ 7ರಿಂದ 8 ಡಿಗ್ರಿ. ಇವು ವಾಡಿಕೆಯ ಅಂಕಿಗಳು. ಕೆಟ್ಟ ದಿನಗಳು ಬೇರೆಯೇ. 2024ರ ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ 46.8 ಡಿಗ್ರಿ ದಾಖಲಾಯಿತು. 2006ರ ಜನವರಿಯಲ್ಲಿ ಒಂದು ಬೆಳಿಗ್ಗೆ ಅದೇ ಕೇಂದ್ರದಲ್ಲಿ ಉಷ್ಣಾಂಶ 0.2 ಡಿಗ್ರಿಗೆ ಇಳಿದಿತ್ತು.

ಇಂದೋರ್ ಮಾಳ್ವ ಪ್ರಸ್ಥಭೂಮಿಯ ಮೇಲಿದೆ, ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿ. ನಮ್ಮ ಕೊಳ್ಳೇಗಾಲದ ಎತ್ತರವೂ ಇದಕ್ಕೆ ಹತ್ತಿರವೇ. ದೆಹಲಿ ಇರುವುದು 216 ಮೀಟರಿನ ಬಯಲಿನಲ್ಲಿ. ಮೇ ತಿಂಗಳ ಹಗಲಿನಲ್ಲಿ ಇಂದೋರ್ ಕೂಡ 40 ಡಿಗ್ರಿ ಮುಟ್ಟುತ್ತದೆ. ಆದರೆ ಸಂಜೆಯಾದ ಮೇಲೆ ಅಲ್ಲಿ ಬಿಸಿ ಇಳಿದು ಗಾಳಿ ಬೀಸುತ್ತದೆ; ಮಾಳ್ವದ ರಾತ್ರಿಗಳು ಉತ್ತರದಲ್ಲಿ ಹಳೆಯ ಕಾಲದಿಂದಲೂ ಹೆಸರುವಾಸಿ. ದೆಹಲಿಯಲ್ಲಿ ಜೂನ್ ತಿಂಗಳ ರಾತ್ರಿ ಉಷ್ಣಾಂಶ 28 ಡಿಗ್ರಿಗಿಂತ ಹೆಚ್ಚು ಇಳಿಯದ ದಿನಗಳು ಸಾಮಾನ್ಯ. ವಯಸ್ಸಾದವರ ಮೈಗೆ ಹಗಲಿನ ಬಿಸಿಲಿಗಿಂತ ರಾತ್ರಿ ನಿದ್ದೆ ಬರದಿರುವುದೇ ಹೆಚ್ಚು ಆಯಾಸ ತರುತ್ತದೆ. ಚಳಿಗಾಲದಲ್ಲೂ ಇಂದೋರ್ ಮೃದು: ಜನವರಿ ರಾತ್ರಿ ಸುಮಾರು 10 ಡಿಗ್ರಿ, ಹಗಲು 26ರ ಆಸುಪಾಸು. ದೆಹಲಿಯಲ್ಲಿ ಜನವರಿ ಹಗಲೇ 20ರ ಆಸುಪಾಸು. ಮಂಜು ಕವಿದ ದಿನಗಳಲ್ಲಿ ಇನ್ನೂ ಕಡಿಮೆ.

ಸೂರ್ಯಾಸ್ತದ ಗಡಿಯಾರ

ನಮ್ಮವರು ಮುಖ್ಯವಾಗಿ ನೋಡಬೇಕಾದ್ದು ಇದು. ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮೂರುಗಳಲ್ಲಿ ವರ್ಷವಿಡೀ ಹಗಲು ಹೆಚ್ಚು ಏರುಪೇರಾಗುವುದಿಲ್ಲ. ಉತ್ತರಕ್ಕೆ ಹೋದಷ್ಟೂ ಚಳಿಗಾಲದ ಹಗಲು ಚಿಕ್ಕದಾಗುತ್ತದೆ, ಬೇಸಿಗೆಯ ಹಗಲು ದೊಡ್ಡದಾಗುತ್ತದೆ. ಸುಮಾರು ಲೆಕ್ಕ ಹೀಗಿದೆ:

ಡಿಸೆಂಬರ್ ಮೊದಲ ವಾರದ ಸೂರ್ಯಾಸ್ತ: ಕೊಳ್ಳೇಗಾಲ 5.55, ಇಂದೋರ್ 5.40, ದೆಹಲಿ 5.24.

ಜೂನ್ ಕೊನೆಯ ವಾರದ ಸೂರ್ಯಾಸ್ತ: ಕೊಳ್ಳೇಗಾಲ 6.50, ಇಂದೋರ್ 7.15, ದೆಹಲಿ 7.23.

ಜನವರಿ ಮಧ್ಯದ ಸೂರ್ಯೋದಯ: ಕೊಳ್ಳೇಗಾಲ 6.46, ಇಂದೋರ್ 7.09, ದೆಹಲಿ 7.15.

ಅಂದರೆ ಚಳಿಗಾಲದಲ್ಲಿ ದೆಹಲಿಯಲ್ಲಿ ಸಂಜೆಯ ಊಟಕ್ಕೆ ನಮ್ಮೂರಿಗಿಂತ ಅರ್ಧ ಗಂಟೆ ಮೊದಲೇ ಕೂರಬೇಕು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮುಂಚೆಯೇ ಊಟ ಮುಗಿಸುವವರಿಗೆ ದೆಹಲಿಯ ಡಿಸೆಂಬರ್‌ನಲ್ಲಿ 4.36ಕ್ಕೇ ಊಟ ಮುಗಿಯಬೇಕು, ಇಂದೋರಿನಲ್ಲಿ 4.52ಕ್ಕೆ, ಕೊಳ್ಳೇಗಾಲದಲ್ಲಿ 5.07ಕ್ಕೆ. ಬೆಳಿಗ್ಗೆ ಸೂರ್ಯೋದಯವಾಗಿ 48 ನಿಮಿಷದ ಮೇಲೆ ಬಾಯಿಗೆ ನೀರು ಹಾಕುವ ನವಕಾರಸಿಯ ನಿಯಮ ಇರುವ ಮನೆಗಳಲ್ಲಿ ದೆಹಲಿಯ ಜನವರಿಯಲ್ಲಿ 8 ಗಂಟೆ ದಾಟುತ್ತದೆ. ಇಂದೋರಿನಲ್ಲೂ ಹೆಚ್ಚು ಕಡಿಮೆ 8 ಆಗುತ್ತದೆ. ಶಾಲೆಗೆ ಏಳೂವರೆಗೇ ಹೊರಡುವ ಮಕ್ಕಳಿಗೆ, ಆಫೀಸಿನಿಂದ ಆರಕ್ಕೆ ಹೊರಡುವ ಸೊಸೆಗೆ ಇದನ್ನು ಹೊಂದಿಸುವುದು ಸುಲಭವಲ್ಲ.

ಮನೆಯಲ್ಲೇ ಇರುವ ಹಿರಿಯರಿಗೆ ಇದು ನಿಭಾಯಿಸಬಹುದಾದ ವಿಷಯ. ಆದರೆ ಅವರಿಗೆ ನಾಲ್ಕೂವರೆಗೆ ಬಿಸಿ ಅಡುಗೆ ಯಾರು ಮಾಡಿಕೊಡುತ್ತಾರೆ ಎಂಬುದನ್ನು ಹೊರಡುವ ಮುನ್ನವೇ ಮಾತನಾಡಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಹಿರಿಯರು ಯಾರಿಗೂ ತೊಂದರೆ ಬೇಡವೆಂದು ಮಧ್ಯಾಹ್ನದ ಊಟವನ್ನೇ ಕೊನೆಯದಾಗಿಸಿಕೊಂಡು ಸುಮ್ಮನಾಗುತ್ತಾರೆ. ಸ್ವಂತ ಇಚ್ಛೆಯಿಂದ ಮಾಡುವ ಏಕಾಶನಕ್ಕೂ ಅನುಕೂಲವಿಲ್ಲದೆ ಹಸಿದಿರುವುದಕ್ಕೂ ವ್ಯತ್ಯಾಸವಿದೆ.

ಬೇಸಿಗೆಯಲ್ಲಿ ತೊಂದರೆ ತಿರುಗಾಮುರುಗಾ. ಜೂನ್ ಕೊನೆಯಲ್ಲಿ ದೆಹಲಿಯ ಹಗಲು ಸುಮಾರು 14 ಗಂಟೆ, ನಮ್ಮದಕ್ಕಿಂತ ಒಂದು ಗಂಟೆ ಹೆಚ್ಚು. ಊಟಕ್ಕೆ ಸಮಯ ಧಾರಾಳ, ಆದರೆ ಅಷ್ಟಮಿ, ಚತುರ್ದಶಿಗೆ ನೀರನ್ನೂ ಬಿಟ್ಟು ಉಪವಾಸ ಮಾಡುವವರಿಗೆ 40 ಡಿಗ್ರಿಯ ಆ ಹಗಲು ಬಹಳ ಉದ್ದ. ರಾಜಸ್ಥಾನದ ಕಡೆಯಿಂದ ಬೀಸುವ ಲೂ ಎಂಬ ಬಿಸಿಗಾಳಿಯಲ್ಲಿ ಬೆವರು ಕಾಣದೆಯೇ ಮೈಯ ನೀರು ಆರುತ್ತದೆ. ಮೊದಲ ವರ್ಷ ಹಿರಿಯರು ಇಂಥ ಉಪವಾಸದ ಬಗ್ಗೆ ವೈದ್ಯರನ್ನೂ ತಮ್ಮ ಗುರುಗಳನ್ನೂ ಕೇಳಿ ನಡೆಯುವುದು ಒಳ್ಳೆಯದು.

ದೀಪಾವಳಿಯ ಗಾಳಿ

ಮಹಾವೀರ ಸ್ವಾಮಿಯ ನಿರ್ವಾಣ ದಿನದ ಬೆಳಗಿನ ಜಾವ ಮಂದಿರಕ್ಕೆ ಹೋಗಿ ನಿರ್ವಾಣ ಲಾಡು ಅರ್ಪಿಸುವುದನ್ನು ಯಾವ ಜೈನ ಮನೆಯೂ ತಪ್ಪಿಸುವುದಿಲ್ಲ. ದೆಹಲಿಯ ಗಾಳಿ ಅತಿಯಾಗಿ ಕೆಡುವುದು ಸರಿಯಾಗಿ ಆ ಹೊತ್ತಿಗೇ. ಕಾರಣಗಳು ಹಲವು. ಅಕ್ಟೋಬರ್, ನವೆಂಬರ್‌ನಲ್ಲಿ ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುತ್ತಾರೆ. ವಾಹನ, ಕಾರ್ಖಾನೆ, ಕಟ್ಟಡದ ಧೂಳು ವರ್ಷವಿಡೀ ಇದ್ದೇ ಇದೆ. ಮೇಲೆ ಪಟಾಕಿಯ ಹೊಗೆ. ಚಳಿ ಬಂದೊಡನೆ ಗಾಳಿ ನಿಧಾನವಾಗುತ್ತದೆ. ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂತು ಹೊಗೆಯನ್ನು ಮೇಲೇರಲು ಬಿಡುವುದಿಲ್ಲ.

ಗಾಳಿಯ ಗುಣಮಟ್ಟದ ಸೂಚ್ಯಂಕದಲ್ಲಿ 50ರವರೆಗೆ ಉತ್ತಮ, 200 ದಾಟಿದರೆ ಕಳಪೆ, 400 ದಾಟಿದರೆ ತೀವ್ರ ಎಂದು ಲೆಕ್ಕ. ದೆಹಲಿಯಲ್ಲಿ ನವೆಂಬರಿನಿಂದ ಜನವರಿವರೆಗೆ 400 ದಾಟುವ ದಿನಗಳು ಬಂದೇ ಬರುತ್ತವೆ. 2024ರ ನವೆಂಬರಿನಲ್ಲಿ ಶಾಲೆಗಳ ತರಗತಿಗಳನ್ನು ಆನ್‌ಲೈನಿಗೆ ಬದಲಿಸಬೇಕಾಯಿತು. ಇಂದೋರಿನ ಗಾಳಿಯೂ ಚಳಿಗಾಲದಲ್ಲಿ ಕೆಡುತ್ತದೆ, ಆದರೆ ದೆಹಲಿಯಷ್ಟು ತೀವ್ರವಾಗಿ, ವಾರಗಟ್ಟಲೆ ಅಲ್ಲ. ಮನೆಯಲ್ಲಿ ಉಬ್ಬಸ, ಹೃದಯದ ತೊಂದರೆ ಇರುವವರು ಅಥವಾ ಪುಟ್ಟ ಮಕ್ಕಳು ಇದ್ದರೆ ಉಳಿದ ಎಲ್ಲ ಲೆಕ್ಕಕ್ಕಿಂತ ಇದಕ್ಕೇ ಹೆಚ್ಚು ತೂಕ ಕೊಡಬೇಕು.

ಮಳೆ, ಚಾತುರ್ಮಾಸ ಮತ್ತು ಅಡುಗೆಮನೆ

ನಮ್ಮ ಕಡೆ ವರ್ಷಕ್ಕೆ 700ರಿಂದ 800 ಮಿಲಿಮೀಟರ್ ಮಳೆ. ಮೇ ತಿಂಗಳಲ್ಲಿ ಒಂದಷ್ಟು, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಚ್ಚು. ದೆಹಲಿಯ ಮಳೆಯ ಮೊತ್ತವೂ ಹೆಚ್ಚು ಕಡಿಮೆ ಇಷ್ಟೇ, ಇಂದೋರಿನದು 900ರಿಂದ 1000 ಮಿಲಿಮೀಟರ್. ಆದರೆ ಎರಡೂ ಕಡೆ ಬಹುಪಾಲು ಮಳೆ ಜೂನ್ ಕೊನೆಯಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ನಮ್ಮಲ್ಲಿ ಚಾತುರ್ಮಾಸದ ಮೊದಲರ್ಧ ಗಾಳಿ ಮತ್ತು ತುಂತುರಿನಲ್ಲಿ ಕಳೆದರೆ, ಅಲ್ಲಿ ಅದೇ ಗಟ್ಟಿ ಮಳೆಗಾಲ.

ಅಡುಗೆಮನೆಗೆ ಇದರ ಪರಿಣಾಮ ಇದೆ. ಹಿಟ್ಟನ್ನು ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮಾತ್ರ ಬಳಸಬೇಕೆಂಬ ಮರ್ಯಾದೆಯನ್ನು ಪಾಲಿಸುವ ಮನೆಗಳಿವೆ. ಋತುಗಳು ಒಂದರೊಳಗೊಂದು ಬೆರೆತಂತಿರುವ ನಮ್ಮೂರಿನಲ್ಲಿ ಇದು ಪುಸ್ತಕದ ಲೆಕ್ಕ ಎನಿಸಬಹುದು. ಅಲ್ಲಿ ಒಂದು ವರ್ಷ ಇದ್ದು ನೋಡಿದರೆ ಅದರ ಅರ್ಥ ತಾನಾಗಿ ತಿಳಿಯುತ್ತದೆ. ಶ್ರಾವಣದಲ್ಲಿ ಹಿಟ್ಟಿಗೆ, ಬೇಳೆಗೆ ಬೇಗ ಹುಳು ಬೀಳುತ್ತದೆ. ಜನವರಿಯಲ್ಲಿ ಅದೇ ಹಿಟ್ಟು ಹಾಗೇ ಇರುತ್ತದೆ. ಆದ್ದರಿಂದ ಆಷಾಢಕ್ಕೆ ಮುಂಚೆ ಊರಿನಿಂದ ಮೂಟೆಗಟ್ಟಲೆ ರಾಗಿ ಹಿಟ್ಟು, ಸಾರಿನ ಪುಡಿ ಕಳಿಸಬೇಡಿ. ಕಾಳಾಗಿಯೇ ಕಳಿಸಿ, ಅಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿಸಿಕೊಳ್ಳಲಿ.

ದಶಲಕ್ಷಣ, ಪರ್ಯೂಷಣ ಪರ್ವಗಳ ಹೊತ್ತಿಗೆ ಇಂದೋರ್ ಮಳೆಯಿಂದ ತಂಪಾಗಿರುತ್ತದೆ. ಆಗಸ್ಟ್ ಹಗಲು 28ರಿಂದ 29 ಡಿಗ್ರಿ. ದೆಹಲಿಯಲ್ಲಿ ಆಗಲೂ 34 ಡಿಗ್ರಿ, ಜೊತೆಗೆ ಮೈ ಅಂಟುವ ಸೆಕೆ. ಹತ್ತು ದಿನ ಸತತವಾಗಿ ವ್ರತ ಮಾಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಚಳಿಗೆ ಬಟ್ಟೆ ಕೊಳ್ಳುವಾಗಲೂ ಒಂದು ಮಾತು. ಹಗುರವಾಗಿ ಬೆಚ್ಚಗಿರುವ ಕೆಲವು ಜಾಕೆಟ್‌ಗಳ ಒಳಗೆ ತುಂಬಿರುವುದು ಹಕ್ಕಿಯ ಪುಕ್ಕ. ಚೀಟಿ ಓದಿ, ಪಾಲಿಯೆಸ್ಟರ್ ತುಂಬಿದ್ದನ್ನು ಆರಿಸಿ. ಹೊದೆಯಲು ಹತ್ತಿ ತುಂಬಿದ ರಜಾಯಿ ಎರಡೂ ಊರಿನಲ್ಲಿ ಸಿಗುತ್ತದೆ. ಪೂಜೆಯ ಶುದ್ಧ ವಸ್ತ್ರ ದೆಹಲಿಯ ಮಂಜಿನ ದಿನಗಳಲ್ಲಿ ಒಂದೇ ದಿನಕ್ಕೆ ಒಣಗುವುದಿಲ್ಲ. ಎರಡು ಮೂರು ಜೊತೆ ಇಟ್ಟುಕೊಳ್ಳಿ.

ಹಾಗಾದರೆ ತೀರ್ಮಾನ?

ಹಿರಿಯರು ಜೊತೆಗಿದ್ದು, ಎರಡೂ ಕಡೆ ಕೆಲಸ ಸಮವಾಗಿದ್ದರೆ ಹವೆಯ ಲೆಕ್ಕದಲ್ಲಿ ಇಂದೋರ್ ನಮ್ಮವರಿಗೆ ಹತ್ತಿರ. ದೆಹಲಿಗೇ ಹೋಗಬೇಕಾಗಿ ಬಂದರೆ ಹೆದರಬೇಕಿಲ್ಲ, ಆದರೆ ಕ್ರಮವಾಗಿ ಹೋಗಿ. ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಮಕ್ಕಳೊಂದಿಗೆ ಹೋಗುವವರು ಮಾರ್ಚ್‌ನಲ್ಲೇ ಹೊರಡುವುದು ಅನುಕೂಲ. ಹಿರಿಯರು ಮೊದಲ ವರ್ಷ ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಹೋಗಿದ್ದು ನೋಡಲಿ, ಮೇ, ಜೂನ್ ಹಾಗೂ ನವೆಂಬರಿನಿಂದ ಜನವರಿವರೆಗೆ ಊರಿನಲ್ಲೇ ಇರಲಿ. ಮನೆ ಗೊತ್ತುಮಾಡುವವರು ಒಮ್ಮೆಯಾದರೂ ನವೆಂಬರಿನಲ್ಲಿ ಹೋಗಿ ನೋಡಿ ಬರಬೇಕು. ಫೆಬ್ರವರಿಯಲ್ಲಿ ನೋಡಿದವರಿಗೆ ಯಾವ ಊರೂ ಚೆನ್ನಾಗಿಯೇ ಕಾಣುತ್ತದೆ. ಚಳಿಗಾಲದ ಬಿಸಿಲು ಬೀಳುವ ದಕ್ಷಿಣ ದಿಕ್ಕಿನ ಕಿಟಕಿ ಅಥವಾ ಬಾಲ್ಕನಿ ಇರುವ ಮನೆಯನ್ನೇ ಹುಡುಕಿ.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಚಿತವಾಗಿ ತಿಳಿದು ಹೇಳಿದರೆಂದೂ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಬಂದಿತೆಂದೂ ಅದು ತಿಳಿಸುತ್ತದೆ. ಆ ಉಜ್ಜಯಿನಿ ಇಂದಿನ ಇಂದೋರಿನಿಂದ ಸುಮಾರು 55 ಕಿಲೋಮೀಟರ್ ಅಷ್ಟೆ. ಧರ್ಮ ಪಾಲನೆಗೆ ಮಳೆ ಬೆಳೆಯ ಅನುಕೂಲವೂ ಬೇಕೆಂದು ಹಿಂದಿನವರು ಅರಿತು ದಕ್ಷಿಣಕ್ಕೆ ನಡೆದು ಬಂದರು. ಅದೇ ದಾರಿಯಲ್ಲಿ ಉತ್ತರಕ್ಕೆ ಹೊರಟಿರುವ ನಮ್ಮ ಮಕ್ಕಳೂ ಹೊರಡುವ ಮುನ್ನ ಅಪ್ಪ ಅಮ್ಮನ ಪಕ್ಕದಲ್ಲಿ ಕೂತು, ಅವರ ಊಟದ ಹೊತ್ತು ಯಾವುದು, ಔಷಧಿ ಯಾವುದು, ಬಿಡಲಾಗದ ನಿಯಮ ಯಾವುದು ಎಂದು ಕೇಳಿ ಬರೆದುಕೊಳ್ಳಲಿ. ಊರು ಯಾವುದೆಂದು ಆಮೇಲೆ ತೀರ್ಮಾನಿಸಬಹುದು.