ಉಂಧಿಯುವಿನೊಳಗಿನ ಸಸ್ಯಶಾಸ್ತ್ರ

ಗುಜರಾತಿನಲ್ಲಿ ನೆಲೆಸಿದ ನಮ್ಮವರಿಗೆ ಉಂಧಿಯುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಜನವರಿ 14ರ ಉತ್ತರಾಯಣದಂದು ಅಹಮದಾಬಾದಿನ ಮಾಳಿಗೆಗಳ ಮೇಲೆ ಗಾಳಿಪಟಗಳು ಹಾರುತ್ತಿದ್ದರೆ, ಕೆಳಗೆ ಮನೆಮನೆಯಲ್ಲೂ ಇದರ ಘಮಘಮ. ‘ಉಂಧು’ ಎಂದರೆ ತಲೆಕೆಳಗು; ಮಡಕೆಯನ್ನು ತಲೆಕೆಳಗಾಗಿ ನೆಲದಲ್ಲಿ ಹೂತು, ಮೇಲೆ ಬೆಂಕಿಯಿಟ್ಟು ಬೇಯಿಸುವ ಪದ್ಧತಿಯಿಂದ ಈ ಹೆಸರು ಬಂದಿತು. ಗಿಡದ ಅಂಗಗಳು ಬಹುಮಟ್ಟಿಗೆ ಈ ಒಂದೇ ಮಡಕೆಯಲ್ಲಿ ಸೇರಿರುವುದನ್ನು ಮಾತ್ರ ನಾವು ಗಮನಿಸುವುದು ಕಡಿಮೆ.

ಗಿಡವನ್ನು ನೆಲದಲ್ಲಿ ಊರಿ ನಿಲ್ಲಿಸುವುದೂ, ನವಿರಾದ ರೋಮಗಳಿಂದ ನೀರು-ಲವಣಗಳನ್ನು ಹೀರುವುದೂ ಬೇರಿನ ಕೆಲಸ. ಆ ನೀರನ್ನು ಎಲೆಗೆ ಮುಟ್ಟಿಸಿ, ಎಲೆಯಲ್ಲಿ ಸಿದ್ಧವಾದ ಆಹಾರವನ್ನು ಉಳಿದ ಭಾಗಗಳಿಗೆ ಹಂಚುವುದು ಕಾಂಡ. ನಮ್ಮಂತಹ ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ ಅದು ಟಪಾಲು ವಿಭಾಗ. ಎಲೆಯಾದರೋ ಅಡಿಗೆಮನೆ. ಅದರ ಪತ್ರಹರಿತ್ತು ಬಿಸಿಲನ್ನು ಹಿಡಿದುಕೊಳ್ಳುತ್ತದೆ. ಆ ಶಕ್ತಿಯಿಂದ ನೀರೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡೂ ಸಕ್ಕರೆಯಾಗುತ್ತವೆ, ಆಮ್ಲಜನಕ ಹೊರಬೀಳುತ್ತದೆ. ಮುಠಿಯಾದೊಳಗಿನ ಮೆಂತ್ಯದ ಸೊಪ್ಪು ಇಂತಹುದೇ ಅಡಿಗೆಮನೆ.

ಉಂಡು ಮಿಕ್ಕುದನ್ನು ಗಿಡ ಕೂಡಿಡುತ್ತದೆ. ಗೆಣಸು ಹೀಗೆ ಉಬ್ಬಿದ ಬೇರು. ಆಲೂಗಡ್ಡೆಯೂ ಮಣ್ಣಿನೊಳಗೇ ಬೆಳೆಯುವುದರಿಂದ ಅದನ್ನೂ ಬೇರೆಂದು ತಿಳಿಯುವವರುಂಟು, ಅದು ಕಾಂಡ. ಅದರ ಮೈಮೇಲಿನ ಕಣ್ಣುಗಳೇ ಮೊಗ್ಗುಗಳು. ಆದುದರಿಂದಲೇ ರೈತರು ಕಣ್ಣಿರುವ ಹೋಳನ್ನೇ ಆರಿಸಿ ನೆಡುತ್ತಾರೆ.

ಇದಕ್ಕೆ ವಿರುದ್ಧವಾದ ಉದಾಹರಣೆಗೆ ವಡೋದರಾ ನಗರವನ್ನು ನೆನೆಯೋಣ. ಆ ಹೆಸರಿನಲ್ಲಿಯೇ ‘ವಟ’, ಅಂದರೆ ಆಲದ ಮರ, ಅಡಗಿದೆಯೆನ್ನುತ್ತಾರೆ. ಆಲದ ಬಿಳಲು ಕೊಂಬೆಯಿಂದ ಗಾಳಿಯಲ್ಲಿ ಇಳಿಬಿದ್ದರೂ ಅದು ಬೇರೇ; ನೆಲ ಮುಟ್ಟಿದೊಡನೆ ನೀರು ಹೀರತೊಡಗಿ, ಕ್ರಮೇಣ ಕಂಬದಂತೆ ದಪ್ಪಗಾಗಿ ಕೊಂಬೆಗೆ ಆಸರೆಯಾಗುತ್ತದೆ. ಅಂಗವನ್ನು ಅರಿಯಬೇಕಾದುದು ಅದಿರುವ ಸ್ಥಳದಿಂದಲ್ಲ, ಲಕ್ಷಣದಿಂದ.

ಹೂವು ಉಂಧಿಯುವಿನಲ್ಲಿ ಕಾಣಿಸದು, ನಿಜ. ಆದರೆ ಪರಾಗವು ಹೂವಿನ ಶಲಾಕೆಯನ್ನು ಸೇರಿ ಗರ್ಭಕಟ್ಟದಿದ್ದರೆ ಸೂರತ್ತಿನ ಹೆಸರಾಂತ ಪಾಪಡಿ ಎಲ್ಲಿಂದ ಬಂದೀತು? ಹೂವಿನ ಅಂಡಾಶಯವೇ ಬೆಳೆದು ಕಾಯಿ, ಒಳಗಿನ ಅಂಡಕಗಳೇ ಬೀಜ. ಈ ಪಾಪಡಿ ಬೇರೆ ಯಾವುದೂ ಅಲ್ಲ, ನಮ್ಮೂರ ಅವರೆಯ ಜಾತಿಯದೇ! ಸಂಕ್ರಾಂತಿಯ ಕಾಲಕ್ಕೆ ಅಲ್ಲಿ ಹಿದುಕಬೇಳೆಯಾಗುವುದು ಇಲ್ಲಿ ಉಂಧಿಯು ಸೇರುತ್ತದೆ.

ಇಲ್ಲಿನ ಶಾಲೆಗಳಲ್ಲಿ ನಮ್ಮ ಮಕ್ಕಳು ಈ ಪಾಠವನ್ನು ಗುಜರಾತಿಯಲ್ಲೋ ಇಂಗ್ಲಿಷಿನಲ್ಲೋ ಕಲಿಯುತ್ತಾರೆ, ಸಂತೋಷವೇ. ಆದರೆ ಬೇರು, ಬಿಳಲು, ಗೆಡ್ಡೆ, ಮೊಗ್ಗು, ಹೀಚು ಎಂಬ ಮಾತುಗಳನ್ನು ಅವರಿಗೆ ಕೊಡತಕ್ಕವರು ನಾವಲ್ಲದೆ ಮತ್ತಾರು? ಅದಕ್ಕಾಗಿ ಬೇರೆ ಪಾಠಶಾಲೆ ಬೇಡ. ತರಕಾರಿ ಹೆಚ್ಚುವಾಗ ಆಲೂಗಡ್ಡೆಯೊಂದನ್ನು ಮಗುವಿನ ಕೈಗಿತ್ತು, ‘ಇದರ ಕಣ್ಣೆಲ್ಲಿದೆ, ತೋರಿಸು’ ಎಂದರೆ ಸಾಕು.